ಬ್ಯಾನರಿನ ಮೇಲಿನ ‘ನಾವು’

ನಾನು ಏಷ್ಯಾದವಳೆಂದು ನನಗೆ ಗೊತ್ತಾದದ್ದು ನಲವತ್ತನೆಯ ವಯಸ್ಸಿನಲ್ಲಿ, ಕಡಲಾಚೆಯ ಕ್ಯಾಂಪ್‌ಬೆಲ್ ಎಂಬ ಊರಿನ ಒಂದು ಶಾಲೆಯ ಆಫೀಸಿನಲ್ಲಿ. ಮಗಳು ಇಂಚರಳನ್ನು ಸೇರಿಸಲು ಫಾರಂ ತುಂಬುತ್ತಿದ್ದೆ. ಜನಾಂಗ ಯಾವುದೆಂಬ ಪ್ರಶ್ನೆಗೆ ತಡವರಿಸಿದಾಗ ಅಲ್ಲಿನ ಗುಮಾಸ್ತೆ ಪೆನ್ನಿನ ತುದಿಯಿಂದ ‘ಏಷ್ಯನ್’ ಎಂಬ ಚೌಕ ತೋರಿಸಿದರು. ನಮ್ಮೂರು ಕಾಪುವಿನಲ್ಲಿ ನಾವು ತುಳುವರು. ಬೆಂಗಳೂರಿನ ಹಾಸ್ಟೆಲಿನಲ್ಲಿ ‘ಮಂಗ್ಳೂರಿನೋರು’, ದೆಹಲಿಯಲ್ಲಿ ತರಬೇತಿಗೆ ಹೋದಾಗ ‘ಮದ್ರಾಸಿ’. ಏಷ್ಯನ್ ಅನ್ನಿಸಿಕೊಂಡದ್ದು ಅದೇ ಮೊದಲು. ಚೀನಾ, ಕೊರಿಯಾದವರಿಗೆಂದು ಇಟ್ಟಿರಬೇಕಾದ ಚೌಕಕ್ಕೆ ಟಿಕ್ ಹಾಕಿ, ಮದುವೆಮನೆಯಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡವಳ ಹಾಗೆ ಹೊರಗೆ ಬಂದೆ.

ಇಲ್ಲಿ ನಮ್ಮದು ಎರಡು ಕೋಣೆಯ ಅಪಾರ್ಟ್‌ಮೆಂಟು. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತೇನೆ. ಗಂಡ ಕೆಲಸಕ್ಕೆಂದು ಫ್ರೀಮಾಂಟಿಗೆ ಹೋಗಿಬರುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತಾರೆ. ಮಗಳನ್ನು ಶಾಲೆಯಿಂದ ಕರೆತರುವುದು ನಮ್ಮ ಜೊತೆಗಿರುವ ನನ್ನ ಅಮ್ಮನ ಕೆಲಸ. ಮೂವತ್ತು ವರ್ಷ ಟೀಚರಾಗಿದ್ದ ಅಮ್ಮನನ್ನು ಊರಲ್ಲಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹತ್ತು ಮಂದಿ ತಡೆದು ಮಾತಾಡಿಸುತ್ತಿದ್ದರು. ಇಲ್ಲಿ ಎದುರಾದವರು ‘ಹೇಗಿದ್ದೀರಿ’ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋಗುತ್ತಾರೆ. ಮೊದಲ ತಿಂಗಳು ಅಮ್ಮ ನಿಂತು ಅವರ ಬೆನ್ನಿಗೇ ಉತ್ತರ ಕೊಡುತ್ತಿದ್ದಳು.

ಆಮೇಲೆ ಶಾಲೆಯ ಗೇಟಿನ ಬಳಿಯ ಬೆಂಚಿನಲ್ಲಿ ಅವಳಿಗೆ ಪೋಪೋ ಸಿಕ್ಕಿದರು. ಇಂಚರಳ ಸಹಪಾಠಿಯೊಬ್ಬಳ ಅಜ್ಜಿ. ಪೋಪೋ ಎಂದರೆ ಅವರ ಕ್ಯಾಂಟನೀಸ್ ಭಾಷೆಯಲ್ಲಿ ತಾಯಿಯ ತಾಯಿ. ಅವರಿಗೆ ತುಳು ಬಾರದು, ಇವಳಿಗೆ ಚೀನೀ ಬಾರದು, ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಮಾತು ಮುಗಿಯುತ್ತಿರಲಿಲ್ಲ. ಪೋಪೋ ಬಾಲ್ಕನಿಯ ಟಬ್ಬಿನಲ್ಲಿ ಕೆಸು ಬೆಳೆಸಿದ್ದಾರೆಂದು ತಿಳಿದ ದಿನ ಅಮ್ಮ ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ಬಂದಳು. ಅವರು ಗೆಡ್ಡೆ ಮಾತ್ರ ತಿಂದು ಎಲೆ ಬಿಸಾಡುತ್ತಾರಂತೆ. ಎಲೆಯೆಲ್ಲ ಅಮ್ಮನ ಪಾಲಾಯಿತು. ಊರು ಬಿಟ್ಟ ಮೂರು ವರ್ಷದ ಮೇಲೆ ನಮ್ಮ ಮನೆಯಲ್ಲಿ ಪತ್ರೊಡೆ ಬೆಂದಿತು, ಅದರಲ್ಲಿ ನಾಲ್ಕು ತುಂಡು ಬೆಂಚಿಗೂ ಹೋಯಿತು.

ಒಂದು ಮಧ್ಯಾಹ್ನ ಪೋಪೋ ಬರಲಿಲ್ಲ. ಶಾಲೆಯ ಹತ್ತಿರದ ಬಸ್‌ಸ್ಟಾಪಿನಲ್ಲಿ ಯಾರೋ ಒಬ್ಬ ‘ನಿನ್ನ ದೇಶಕ್ಕೆ ಹೋಗು’ ಎಂದು ಕೂಗಿ ಅವರನ್ನು ದೂಡಿದ್ದ. ಬಿದ್ದು ಮಣಿಕಟ್ಟಿನ ಮೂಳೆ ಮುರಿದಿತ್ತು. ಅಂದಿನಿಂದ ಅವರು ಮನೆಯ ಹೊಸಿಲು ದಾಟುತ್ತಿಲ್ಲವೆಂದು ಅವರ ಮಗಳು ಹೇಳಿದರು. ಸುದ್ದಿ ಕೇಳಿದಾಗ ನನಗೆ ಮೊದಲು ಹೊಳೆದದ್ದನ್ನು ನಾಚಿಕೆಯಿಂದಲೇ ಬರೆಯುತ್ತೇನೆ: ಸದ್ಯ, ಅಮ್ಮ ಸೀರೆ ಉಡುತ್ತಾಳೆ, ಅವಳನ್ನು ಯಾರೂ ಚೀನಾದವಳೆಂದು ತಿಳಿಯುವುದಿಲ್ಲ. ಹಾಗೆಂದುಕೊಂಡರೂ ಧೈರ್ಯ ಸಾಲದೆ, ನೀನು ಹೊರಗೆ ಹೋಗಬೇಡ ಎಂದೆ. ಎರಡು ವಾರ ಅಮ್ಮ ಕಿಟಕಿಯ ಬಳಿ ಕುಳಿತಳು. ಮಗಳನ್ನು ಕರೆತರಲು ನಾನೇ ಲ್ಯಾಬಿನಲ್ಲಿ ಅನುಮತಿ ಕೇಳಿಕೊಂಡು ಓಡಿಬರುತ್ತಿದ್ದೆ. ಬೆಂಚು ಖಾಲಿ ಬಿದ್ದಿರುತ್ತಿತ್ತು.

ಊರಿನಲ್ಲಾದರೆ ಇಂಥದ್ದಕ್ಕೆ ಒಂದು ಧರಣಿ, ಒಂದು ಮನವಿಪತ್ರ, ಮರುದಿನ ಪೇಪರಿನಲ್ಲಿ ಫೋಟೊ. ಇಲ್ಲಿ ಶಾಲೆಯ ಲೈಬ್ರರಿಯಲ್ಲಿ ಮೀಟಿಂಗು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಎಲ್ಲರೂ ಕುಳಿತೆವು. ಬರೀ ಮಾತಾಗಬಹುದೆಂಬ ನನ್ನ ಅನುಮಾನ ಸುಳ್ಳಾಯಿತು. ಪ್ರಿನ್ಸಿಪಾಲರು ಗೋಡೆಗೆ ಹಾಳೆ ಅಂಟಿಸಿದರು: ದಿನವೂ ಶಾಲೆ ಬಿಡುವ ಹೊತ್ತಿಗೆ ಹಳದಿ ಜಾಕೀಟು ತೊಟ್ಟ ಇಬ್ಬರು ಪೋಷಕರು ಬಸ್‌ಸ್ಟಾಪಿನಲ್ಲಿ ಇರಬೇಕು. ಹಾಳೆ ಹತ್ತು ನಿಮಿಷದಲ್ಲಿ ಹೆಸರುಗಳಿಂದ ತುಂಬಿತು, ಗುರುವಾರ ನನ್ನದು. ಶುಕ್ರವಾರ ಇಡೀ ಶಾಲೆ ಆ ಬಸ್‌ಸ್ಟಾಪಿನಿಂದ ಗೇಟಿನವರೆಗೆ ನಡೆಯುವುದು, ಒಂದು ಉದ್ದ ಬಟ್ಟೆಯ ಮೇಲೆ ಮನೆಗೊಬ್ಬರು ತಮ್ಮ ಭಾಷೆಯಲ್ಲಿ ‘ನಾವು ನಿಮ್ಮೊಂದಿಗಿದ್ದೇವೆ’ ಎಂದು ಬರೆಯುವುದು ಎಂದಾಯಿತು. ಕನ್ನಡವನ್ನು ಮೈಸೂರಿನ ದಂಪತಿ ಆಗಲೇ ಹಿಡಿದುಬಿಟ್ಟಿದ್ದರು. ನಾನು ಬಿಡುತ್ತೇನೆಯೇ? ತುಳು ನನ್ನದು ಎಂದೆ.

ಸರದಿಯಂತೆ ಬಟ್ಟೆ ನಮ್ಮ ಮನೆಗೆ ಬಂತು. ನೀಲಿ ಬಣ್ಣದಲ್ಲಿ, ಕನ್ನಡ ಲಿಪಿಯಲ್ಲಿ, ‘ಎಂಕುಲು ನಿಕ್ಲೆ ಒಟ್ಟುಗು ಉಲ್ಲ’ ಎಂದು ದಪ್ಪಗೆ ಬರೆದು ಅಮ್ಮನನ್ನು ಕರೆದೆ. ಅಮ್ಮ ಕನ್ನಡಕ ಏರಿಸಿ, ಕಾಪಿ ತಿದ್ದುವ ಟೀಚರಿನ ಮುಖ ಮಾಡಿದಳು.

ತುಳು ಅರಿಯದವರಿಗಾಗಿ ಹೇಳುತ್ತೇನೆ. ತುಳುವಿನಲ್ಲಿ ‘ನಾವು’ ಎರಡು. ಎದುರಿಗಿರುವವರನ್ನು ಬಿಟ್ಟು ಹೇಳುವುದು ‘ಎಂಕುಲು’, ಅವರನ್ನೂ ಸೇರಿಸಿ ಹೇಳುವುದು ‘ನಮ’. ‘ಎಂಕುಲು’ ಪೇಟೆಗೆ ಹೋಗುತ್ತೇವೆ ಅಂದರೆ ನೀನು ಮನೆಯಲ್ಲಿರು ಎಂದರ್ಥ. ‘ನಮ’ ಹೋಗುತ್ತೇವೆ ಅಂದರೆ ಬೇಗ ಹೊರಡು ಎಂದರ್ಥ.

“ವ್ಯಾಕರಣ ಸರಿ ಉಂಟು. ಆದ್ರೆ ಇದ್ರಲ್ಲಿ ಪೋಪೋ ಇಲ್ಲ ಮಾರಾಯ್ತಿ,” ಎಂದಳು ಅಮ್ಮ. “ಬಿದ್ದವರು ಅವರು, ಸಮಾಧಾನ ಹೇಳುವವರು ನಾವು ಅಂತ ಆಯ್ತಲ್ಲ. ಆ ದಿನ ಅಲ್ಲಿ ನಾನಿದ್ರೆ ಅವ ನನ್ನನ್ನು ದೂಡ್ತಿರ್ಲಿಲ್ಲ ಅಂತ ನಿಂಗೆ ಗ್ಯಾರಂಟಿ ಉಂಟಾ?”

ಶಾಲೆಯ ಫಾರಂ ನೆನಪಾಯಿತು, ಅಲ್ಲಿ ಪೋಪೋಗೂ ನಮಗೂ ಒಂದೇ ಚೌಕ. ಬಿಳಿ ಬಣ್ಣ ಬಳಿದು, ಒಣಗಿಸಿ, ‘ನಮ ಒಟ್ಟುಗು ಉಲ್ಲ’ ಎಂದು ಮತ್ತೆ ಬರೆದೆ. ನಾವೆಲ್ಲ ಒಟ್ಟಿಗಿದ್ದೇವೆ. ಹಳೆಯ ನೀಲಿ ಬಿಳಿಯ ಅಡಿಯಿಂದ ಸ್ವಲ್ಪ ಕಾಣುತ್ತಲೇ ಇತ್ತು.

ಶುಕ್ರವಾರ ಅಮ್ಮ ನನ್ನ ಅಪ್ಪಣೆ ಕೇಳದೆ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು ಹೊರಟಳು. ಪೋಪೋ ಬರುತ್ತಾರೆಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ನಾವು ಬಟ್ಟೆ ಬಿಡಿಸುತ್ತಿದ್ದಾಗ ಅವರು ಬಂದರು, ಒಂದು ಕೈಗೆ ಪ್ಲಾಸ್ಟರು, ಇನ್ನೊಂದು ಕೈಯಲ್ಲಿ ಮಗಳ ತೋಳು. ಬಸ್‌ಸ್ಟಾಪಿನಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು. ಅಮ್ಮ ಹತ್ತಿರ ಹೋಗಿ ಬಟ್ಟೆಯ ಮೇಲಿನ ನಮ್ಮ ಸಾಲನ್ನು ತೋರಿಸಿದಳು. ತನ್ನ ಎದೆ ಮುಟ್ಟಿಕೊಂಡಳು, ಅವರ ಪ್ಲಾಸ್ಟರನ್ನು ಮೆಲ್ಲಗೆ ಮುಟ್ಟಿದಳು, ಆಮೇಲೆ ಇಡೀ ರಸ್ತೆಯನ್ನು ಒಳಗೆ ತರುವಂತೆ ಕೈಯನ್ನು ದೊಡ್ಡದಾಗಿ ಸುತ್ತಿಸಿದಳು.

“ನಮ,” ಎಂದಳು.

“ನಮಾ,” ಎಂದರು ಪೋಪೋ, ಹೊಸ ಪದದ ರುಚಿ ನೋಡುವವರಂತೆ. ಆಮೇಲೆ ಆ ಹತ್ತು ಹೆಜ್ಜೆಯನ್ನು ಅಮ್ಮನ ಕೈ ಹಿಡಿದು ನಡೆದರು.

ಬಟ್ಟೆಯ ಒಂದು ತುದಿ ನನ್ನ ಕೈಯಲ್ಲಿತ್ತು. ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಹಾಗೆಯೇ ನಡೆದೆ. ಸೋಮವಾರ ಮಗಳು ಬಾಗಿಲಲ್ಲೇ “ಅಮ್ಮಾ, ಪೋಪೋ ಈಸ್ ಬ್ಯಾಕ್” ಎಂದಳು. ಅವಳ ಹಿಂದೆ ಬಂದ ಅಮ್ಮನ ಕೈಯಲ್ಲಿ ಕೆಸುವಿನ ಎಲೆಯ ಕಟ್ಟು ಇತ್ತು.

ಇದನ್ನೆಲ್ಲ ಕಾಪುವಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಜಂಬದಿಂದ ಹೇಳಿದೆ. ‘ಎಂಕುಲು’ ನಡೆದೆವು, ‘ಎಂಕುಲು’ ಈಗ ಪಾಳಿಯಲ್ಲಿ ಕಾಯುತ್ತೇವೆ. ಅಕ್ಕ ನಕ್ಕಳು. “ಓಹೋ, ನಾನೀಗ ಹೊರಗಿನವಳಾ?” ಎಂದಳು. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆ ರಸ್ತೆಯಲ್ಲಿ ಅವಳು ನಡೆದಿರಲಿಲ್ಲ. ಆದರೂ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳನ್ನು ಹೊರಗಿಡುವಷ್ಟು ನಾನು ಇಲ್ಲಿಯವಳಾದದ್ದು ಯಾವಾಗ ಎಂದು ಸಂಕಟವಾಯಿತು. ಇಲ್ಲಿಯವಳಾದ ಹೆಮ್ಮೆಯೂ ಅದರ ಜೊತೆಗೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಕನ್ನಡದಲ್ಲಿ ‘ನಾವು’ ಒಂದೇ. ಯಾರು ಒಳಗೆ, ಯಾರು ಹೊರಗೆ ಎಂದು ಅದು ಕೇಳುವುದಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ. ಅಕ್ಕಾ, ಇದರಲ್ಲಿ ‘ನಾವು’ ಎಂದು ಬಂದಲ್ಲೆಲ್ಲ ‘ನಮ’ ಎಂದೇ ಓದಿಕೋ.