ಸುಭಾನಿ ಮಸೆದ ಮುಳ್ಳು

ದಾಂಡೇಲಿಯ ಮೌಳಂಗಿ ರಸ್ತೆಯಲ್ಲಿ ಇನ್ನೂ ಮಂಜು ಕರಗಿಲ್ಲ. ಕುಳಗಿಯ ಕಾಡಿಗೆ ಪ್ರವಾಸಿಗರನ್ನು ಒಯ್ಯುವ ಜೀಪುಗಳು ಗ್ಯಾರೇಜಿನ ಮುಂದೆ ಸಾಲುಗಟ್ಟುವ ಮೊದಲೇ ಮೆಕ್ಯಾನಿಕ್ ಸುಭಾನಿ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತಾರೆ. ಎಡಗೈಯಲ್ಲಿ ಹಳೇ ಸ್ಕೂಟರಿನ ಪಿಸ್ಟನ್ ಪಿನ್ನು, ಬೆರಳುದ್ದದ ನುಣುಪು ಉಕ್ಕಿನ ತುಂಡು. ಅದನ್ನು ತಂತಿಗಳ ಮೇಲೆ ಓರೆಯಾಗಿ ಜಾರಿಸಿದರೆ ಹವಾಯಿಯನ್ ಗಿಟಾರಿನ ಹಳೆಯ ನಾದ ಎದ್ದು ಬರುತ್ತದೆ. ಎದುರಿನ ಬೆಂಚಿನ ಮೇಲೆ ವಯಸ್ಸಾದ ಶಂಕ್ರವ್ವ ಕಣ್ಣು ಮುಚ್ಚಿ ಕೂತಿದ್ದಾರೆ.

ಸುಭಾನಿಗೆ ಗುರುಗಳಿಲ್ಲ. ಇದ್ದದ್ದು ಆ ಗಿಟಾರಿನ ಧಾಟಿಯ ಒಂದು ಗ್ರಾಮಫೋನ್ ತಟ್ಟೆ. ಕಾಗದದ ಕಾರ್ಖಾನೆಯಲ್ಲಿದ್ದ ಶಂಕ್ರವ್ವನ ಗಂಡ ನಾಗಲಿಂಗಪ್ಪ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಶಂಕ್ರವ್ವನೇ ಯಂತ್ರದ ಸಮೇತ ತಂದುಕೊಟ್ಟರು: "ಮನ್ಯಾಗ ಧೂಳ ತಿನ್ನಾಕತ್ತೈತಿ. ನೀ ಕಲ್ತು ನನಗ ಕೇಳಸಪಾ."

ಸುಭಾನಿ ಬೆರಳಿಟ್ಟು ತಟ್ಟೆಯ ವೇಗ ತಗ್ಗಿಸಿ, ಒಂದೊಂದೇ ಎಳೆತವನ್ನು ಕಿವಿಗೆ ಹಾಕಿಕೊಂಡು ಕಲಿತರು. ಕೊನೆಯ ತುಣುಕು ಮಾತ್ರ ಕೈಗೆ ಹತ್ತಲಿಲ್ಲ. ಅಲ್ಲಿಗೇ ಮತ್ತೆ ಮತ್ತೆ ಗ್ರಾಮಫೋನಿನ ಮುಳ್ಳು ಇಟ್ಟರು. ಮುಳ್ಳು ಮೊಂಡಾಯಿತು, ಹೊಸದು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಮೆಕ್ಯಾನಿಕ್ಕಿನ ಕೈ ನೋಡಿ, ಸುಮ್ಮನಿರಬೇಕಲ್ಲ! ಗ್ಯಾರೇಜಿನ ಸಾಣೆಗೆ ಹಿಡಿದು ಮಸೆದೇಬಿಟ್ಟರು. ಆ ಚೂಪು ಮುಳ್ಳು ತಟ್ಟೆಯ ಆ ಜಾಗದ ಗೆರೆಗಳನ್ನೇ ಕೆರೆದು ತಿಂದಿತು. ಈಗ ಅಲ್ಲಿ ಕೇಳುವುದು ಬರೀ ಕರಕರ ಸದ್ದು.

"ಇಂಜಿನ್ ಕೆಟ್ರ ಬಿಚ್ಚಿ ಕಟ್ಟಬಹುದ್ರಿ. ಇದನ್ನ ಹೆಂಗ ಕಟ್ಟಲಿ? ಕಲಿಯೂ ಹುಚ್ಚಿನ್ಯಾಗ ಶಂಕ್ರವ್ವಕ್ಕಾರ ಪಾಲಿಗಿದ್ದದ್ದನ್ನ ಹಾಳ ಮಾಡಿದ್ನಿ" ಎನ್ನುವಾಗ ಅವರ ದನಿ ಇಳಿಯುತ್ತದೆ. ಮಗಳು ಅಂಬರೀನ್ ಮೊಬೈಲಿನಲ್ಲಿ ಎಷ್ಟು ತಡಕಿದರೂ ಆ ಧಾಟಿ ಸಿಕ್ಕಿಲ್ಲ.

ಒಮ್ಮೆ ಸುಭಾನಿ ಧಾಟಿಗೆ ತಾವೇ ಒಂದು ಕೊನೆ ಹೊಂದಿಸಿ ನುಡಿಸಿದ್ದರಂತೆ. "ಹೌದಪಾ, ಹಿಂಗ ಇತ್ತು" ಎಂದರಂತೆ ಶಂಕ್ರವ್ವ.

"ಖರೇ ಧಾಟಿ ಇದ್ರ ಅಕ್ಕಾರ ಕಾಲ್ಬೆರಳು ತಾಳ ಹಾಕ್ತೈತ್ರಿ. ಅವತ್ತು ಹಾಕಲಿಲ್ಲ. ನನ್ನ ಮನಸ್ಸು ನೋಯಬಾರದಂತ ಸುಳ್ಳ ಹೇಳಿದ್ರು." ತಾವೇ ಕಟ್ಟಿದ ಆ ಕೊನೆಯನ್ನು ಸುಭಾನಿ ಮತ್ತೆಂದೂ ನುಡಿಸಲಿಲ್ಲ.

ಇವತ್ತೂ ನುಡಿಸುತ್ತ, ತಟ್ಟೆಯಲ್ಲಿ ಸವೆದುಹೋದ ತುಣುಕಿಗೆ ಬಂದೊಡನೆ ಅವರು ತಂತಿಯಿಂದ ಪಿನ್ನು ಎತ್ತುತ್ತಾರೆ. ಶಂಕ್ರವ್ವನ ಕಾಲ್ಬೆರಳು ಮಾತ್ರ ತಾಳ ಹಾಕುತ್ತಲೇ ಇರುತ್ತದೆ. ಅದು ತಾನಾಗಿ ನಿಲ್ಲುವವರೆಗೂ ಸುಭಾನಿ ಗಿಟಾರನ್ನು ಕೆಳಗಿಡುವುದಿಲ್ಲ.

"ತಾಳ ಎಲ್ಲೀತನಕ ಹೋಗ್ತೈತಿ ಅಂತ ಗೊತ್ತಾಗೇತ್ರಿ" ಎನ್ನುತ್ತಾರೆ ಮೆಲ್ಲಗೆ. "ನಾದ ಅವರ ತಲ್ಯಾಗ ಉಳದೈತಿ. ಅವರು ಇರೂದ್ರೊಳಗ ಅದೊಂದ ನನ್ನ ಕೈಗೆ ಬಂದ್ರ ಸಾಕ್ರಿ."