ಜಯಮ್ಮ ಆಂಟಿಯ ಮೋಟಾರು, ನನ್ನ ಟೆಸ್ಟಿಂಗು

ಹೋದ ತಿಂಗಳು ನಮ್ಮ ಓನರ್ ಮನೆಯ ನೀರಿನ ಮೋಟಾರ್ ಸುಟ್ಟುಹೋಯಿತು. ಸುಟ್ಟವಳು ನಾನೇ. ಅದೂ ಕೈಯಿಂದ ಮುಟ್ಟದೆ, ನಾನೇ ಬರೆದ ಪ್ರೋಗ್ರಾಮಿನಿಂದ!

ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಟೆಸ್ಟ್ ಮಾಡದೆ ಕೋಡ್ ಕೊಟ್ಟವರ ಮೇಲೆ ಆಫೀಸಿನಲ್ಲಿ ಹರಿಹಾಯುವವಳು. (ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅಂತಾರಲ್ಲ, ಹಾಗೆ.)

ಉತ್ತರಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಕಟ್ಟಡದಲ್ಲಿ ಎಂಟು ಮನೆ. ಓನರ್ ಜಯಮ್ಮ ಆಂಟಿ. ಒಂದು ಕಾಲದಲ್ಲಿ ಇಲ್ಲಿ ಅವರದೇ ರಾಗಿ ಹೊಲ ಇತ್ತಂತೆ. ಇಪ್ಪತ್ತು ವರ್ಷದಿಂದ ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಹತ್ತಿಸುವುದು ಅವರೊಬ್ಬರೇ. ಯಾವ ವಾಲ್ವ್ ಯಾವಾಗ, ಎಷ್ಟು ತಿರುಗಿಸಬೇಕು ಎಂಬುದೆಲ್ಲ ಅವರ ತಲೆಯಲ್ಲಿ ಮಾತ್ರ. ಹಾಗಾಗಿ ಎರಡು ದಿನಕ್ಕಿಂತ ಹೆಚ್ಚು ಮನೆ ಬಿಟ್ಟವರಲ್ಲ.

ಈಗ ಮೈಸೂರಿನಲ್ಲಿರುವ ಮಗಳಿಗೆ ಎರಡನೇ ಹೆರಿಗೆ. ಮೊದಲನೆಯದು ಇಲ್ಲೇ ಆಗಿತ್ತು. ಈ ಸಲ ದೊಡ್ಡ ಮಗುವಿಗೆ ಸ್ಕೂಲು, ಅವಳು ಬರುವ ಹಾಗಿಲ್ಲ.

"ಮೂರು ತಿಂಗ್ಳು ಬಾಣಂತನ ಮಾಡ್ಬೇಕು ಕಣಮ್ಮ. ಈ ಮೋಟ್ರು ನನ್ನ ಬಿಡ್ತಾ ಇಲ್ಲ" ಎಂದು ಆಂಟಿ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡರು.

"ಅಷ್ಟೇನಾ ಆಂಟಿ? ನಾನಿದ್ದೀನಲ್ಲ!" ಎಂದೆ.

ಭಾನುವಾರ ಒಂದು ಸೆನ್ಸರ್ ಪೆಟ್ಟಿಗೆ ತಂದು ಪ್ರೋಗ್ರಾಂ ಬರೆದೆ. ಟ್ಯಾಂಕ್ ಖಾಲಿಯಾದರೆ ಮೋಟಾರ್ ಆನ್, ತುಂಬಿದರೆ ಆಫ್. ವಾಲ್ವ್‌ಗಳನ್ನು ಆಂಟಿಯಿಂದಲೇ ಸರಿಯಾದ ಹದಕ್ಕೆ ತಿರುಗಿಸಿ ಇಡಿಸಿದ್ದೆ. ಎರಡು ಸಲ ನೋಡಿದೆ, ಸಖತ್ತಾಗಿ ನಡೆಯಿತು. ಇನ್ನೇನು ಬೇಕು?

ಆಂಟಿ ಮಾತ್ರ, "ಸಂಪಲ್ಲೇ ನೀರಿಲ್ದಿದ್ರೆ?" ಎಂದರು.

"ಅದೆಲ್ಲ ಆಗಲ್ಲ ಬಿಡಿ ಆಂಟಿ." (ಈ ಮಾತನ್ನು ನನ್ನ ಟೀಮಿನವರು ಹೇಳಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ.)

ಗುರುವಾರ ಕಾವೇರಿ ನೀರು ಬರಲಿಲ್ಲ. ಸಂಪು ಬರಿದಾಗಿತ್ತು. ಮೇಲೆ ಟ್ಯಾಂಕ್ ಖಾಲಿ ಎಂದು ನನ್ನ ಪ್ರೋಗ್ರಾಂ ಮೋಟಾರ್ ಆನ್ ಮಾಡಿತು. ನೀರೇ ಇಲ್ಲದೆ ತಿರುಗಿ ತಿರುಗಿ ಅದು ಸುಟ್ಟುಹೋಯಿತು.

ರಿಪೇರಿ ಮಾಡಿಸಿಕೊಟ್ಟೆ. ಆಂಟಿ ಬೈಯಲಿಲ್ಲ. ಸೂಟ್‌ಕೇಸಿಗೆ ತುಂಬಿದ್ದ ಸೀರೆಗಳನ್ನು ತೆಗೆದು ಮತ್ತೆ ಬೀರುವಿನಲ್ಲಿ ಜೋಡಿಸುತ್ತಾ, "ಹೋಗ್ಲಿ ಬಿಡಮ್ಮ, ಅವಳತ್ತೆ ನೋಡ್ಕೋತಾರೆ" ಎಂದರು. ಬೈದಿದ್ದರೇ ವಾಸಿಯಿತ್ತು. ನಾಚಿಕೆಯಿಂದ ಸತ್ತುಹೋಗುವಂತಾಯಿತು.

ಮರುದಿನ ನೋಟ್‌ಬುಕ್ ಹಿಡಿದು ಅವರ ಅಡುಗೆಮನೆಗೆ ಹೋದೆ. "ಆಂಟಿ, ಇಷ್ಟು ವರ್ಷದಲ್ಲಿ ಏನೇನು ಕೆಟ್ಟಿದೆ, ಎಲ್ಲಾ ಹೇಳಿ."

ಅವರೆಕಾಯಿ ಸುಲಿಯುತ್ತಾ ಶುರುಮಾಡಿದರು. ನೀರು ಹತ್ತುವಾಗಲೇ ಕರೆಂಟ್ ಹೋಗಿ ಬಂದದ್ದು. ಟ್ಯಾಂಕಿನ ಮುಚ್ಚಳ ಹಾರಿ ಒಳಗೆ ಎಲೆ ಬಿದ್ದದ್ದು. ಮೂರನೇ ವಾಲ್ವ್ ಪೂರ್ತಿ ತಿರುಗಿಸಿ ಕೆಳಮನೆಯ ಪೈಪ್ ಒಡೆದದ್ದು. ಬರೆದುಕೊಳ್ಳುತ್ತಾ ಹೋದೆ. ಒಮ್ಮೆ ಕೆಟ್ಟದ್ದೆಲ್ಲ ಒಂದೊಂದು ಟೆಸ್ಟ್. ಆಫೀಸಿನಲ್ಲಿ ನಾನು ಸ್ಲೈಡ್ ಹಾಕಿ ಹೇಳುವುದೂ ಇದನ್ನೇ!

ಸಂಪಿಗೂ ಒಂದು ಸೆನ್ಸರ್ ಇಳಿಬಿಟ್ಟು ಪ್ರೋಗ್ರಾಂ ತಿದ್ದಿದ ಮೇಲೆ ಬೇಕೆಂದೇ ಮೇನ್ ಸ್ವಿಚ್ ಆರಿಸಿದೆವು. ಬೇಕೆಂದೇ ಟ್ಯಾಂಕಿನ ಸೆನ್ಸರಿಗೆ ಎಲೆ ಮೆತ್ತಿದೆವು. ಸಂಪು ಖಾಲಿ ಮಾಡಲು ಹೊರಟಾಗ ಆಂಟಿ ತಡೆದು ಒಂದು ಬಕೆಟ್ ತಂದಿಟ್ಟರು. "ನೀರ್ಯಾಕೆ ಚೆಲ್ತೀಯಾ? ಇದೇ ಸಂಪು ಅನ್ಕೋ." ಸಂಪಿನ ಸೆನ್ಸರನ್ನು ಬಕೆಟ್ಟಿಗೆ ಇಳಿಸಿ, ಚೊಂಬಿನಲ್ಲಿ ನೀರು ತೆಗೆಯುತ್ತಾ ಮೋಟಾರ್ ತಾನೇ ನಿಲ್ಲುತ್ತದೆಯೇ ಎಂದು ನೋಡಿದೆವು. ಒಂದು ಸಾಲು ತಿದ್ದಿದರೂ ಎಲ್ಲ ಟೆಸ್ಟ್ ಮತ್ತೆ ಮೊದಲಿನಿಂದ. ಆಂಟಿಗೆ ಬೇಸರವೇ ಇಲ್ಲ. ನನಗಿಂತ ಒಳ್ಳೆಯ ಟೆಸ್ಟರ್!

ಇನ್ನು ಬರೆದಿಡುವ ಕೆಲಸ. ಪೆಟ್ಟಿಗೆ ಕೈಕೊಟ್ಟರೆ ಯಾರಾದರೂ ಮೋಟಾರ್ ಹಾಕಬೇಕಲ್ಲ? 'ಮೂರನೇ ವಾಲ್ವ್ ಅರ್ಧ ಮಾತ್ರ ತಿರುಗಿಸಿ' ಎಂದು ಬರೆದೆ.

"ಯಾಕೆ ಅಂತಾನೂ ಬರಿ. ಇಲ್ದಿದ್ರೆ ಪೂರ್ತಿ ತಿರುಗಿಸೇ ತಿರುಗಿಸ್ತಾರೆ" ಎಂದರು ಆಂಟಿ.

ಅಯ್ಯೋ ದೇವರೇ! ಆಫೀಸಿನ ಕೋಡಿನಲ್ಲಿ 'ಇದನ್ನು ಮುಟ್ಟಬೇಡಿ' ಎಂದು ನಾನೇ ಬರೆದಿಟ್ಟ ಸಾಲೊಂದಿದೆ. ಯಾಕೆ ಮುಟ್ಟಬಾರದೆಂದು ಈಗ ನನಗೇ ನೆನಪಿಲ್ಲ.

ಹಾಳೆಯನ್ನು ಮೋಟಾರಿನ ಪಕ್ಕದ ಗೋಡೆಗೆ ಅಂಟಿಸಿ, ಆಂಟಿಯ ಗಂಡ ರಾಮಣ್ಣ ಅಂಕಲ್ ಅವರನ್ನು ಕರೆದೆವು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆ ಕಡೆ ಸುಳಿಯದವರು. ಅವರು ಓದಿಕೊಂಡು ನೀರು ಹತ್ತಿಸಬೇಕು, ಆಂಟಿ ಬಾಯಿ ಬಿಡಬಾರದು. (ಎಲ್ಲಕ್ಕಿಂತ ಕಷ್ಟದ ಟೆಸ್ಟ್ ಇದೇ ಆಗಿತ್ತು.)

"ಮೇಲಿನ ವಾಲ್ವ್ ಅಂದ್ರೆ ಯಾವ್ದಮ್ಮ? ಮೇಲೆ ಎರಡಿದೆ" ಎಂದು ಅಂಕಲ್ ಹಾಳೆಯ ಮೊದಲ ಸಾಲಿಗೇ ನಿಂತರು.

ಹೌದಲ್ಲ! ನನಗೂ ಆಂಟಿಗೂ ಗೊತ್ತಿದ್ದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಬಣ್ಣ ಬಳಿದು ಹಾಳೆ ತಿದ್ದಿದೆ. ಎರಡನೇ ಸಲ ಅಂಕಲ್ ಯಾರನ್ನೂ ಕೇಳದೆ ನೀರು ಹತ್ತಿಸಿದರು. "ಇಷ್ಟೇನಾ? ಇದಕ್ಕೆ ಇಷ್ಟು ವರ್ಷ ಮಹಾ ಕಷ್ಟ ಅಂತಿದ್ಯಲ್ಲೇ!" ಎಂದು ಹೆಂಡತಿಯನ್ನು ರೇಗಿಸಿದರು. ಆಂಟಿ ಸೀದಾ ಒಳಗೆ ಹೋಗಿ ಬೀರು ತೆಗೆದರು.

ಅವರು ಮೈಸೂರಿಗೆ ಹೋಗಿ ಮೂರು ವಾರವಾಯಿತು. ನಡುವೆ ಎರಡು ಸಲ ಕಾವೇರಿ ನೀರು ಕೈಕೊಟ್ಟಿತು, ಮೋಟಾರ್ ತೆಪ್ಪಗಿತ್ತು. ಮೊನ್ನೆ ಆಂಟಿ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಬರೀ ಮೊಮ್ಮಗಳ ಸುದ್ದಿ. ನೀರಿನ ವಿಷಯ ಎತ್ತಲೇ ಇಲ್ಲ. ನನಗೆ ಇಷ್ಟು ವರ್ಷದ ಸರ್ವೀಸಿನಲ್ಲಿ ಸಿಕ್ಕ ಅತಿ ದೊಡ್ಡ ಪ್ರಶಂಸೆ ಅದು.

ಸೋಮವಾರ ಆಫೀಸಿಗೆ ಹೋದವಳೇ ಆ 'ಮುಟ್ಟಬೇಡಿ' ಸಾಲನ್ನು ತೆರೆದುಕೊಂಡು ಕೂತೆ. ಅರ್ಧ ದಿನ ಹಿಡಿಯಿತು. ಕಾರಣ ಹುಡುಕಿ ಬರೆದಿಟ್ಟೆ. ಟೀಮಿನವರಿಗೆ ಈಗ ಸ್ಲೈಡ್ ತೋರಿಸುವುದು ಬಿಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ, ನಿಮಗೂ ಅದೇ: ನಿಮ್ಮ ಕೆಲಸ ಬಿಟ್ಟು ನೀವು ನೆಮ್ಮದಿಯಾಗಿ ಮೂರು ತಿಂಗಳು ಬಾಣಂತನಕ್ಕೆ ಹೋಗಬಲ್ಲಿರಾ?