ಮಾಮಾನ ತಿರುಪಿನ ಹಲ್ಲು

ಗೆಳೆಯರೇ, ಇವತ್ತು ಆಳಂದದ ಹಲ್ಲಿನ ಡಾಕ್ಟರು ನಮ್ಮ ಮಾಮಾನ ಬಾಯಿ ನೋಡಿ ಮೂಗು ಮುಚ್ಚಿಕೊಂಡರು. ವರ್ಷಗಳ ಹಿಂದೆ ಮುಂಬಯಿಯಲ್ಲಿ ದವಡೆಗೆ ತಿರುಪು ಹಾಕಿ ಕೂರಿಸಿದ ಕೃತಕ ಹಲ್ಲಿನ ಇಡೀ ಮೇಲುಸಾಲು ಈಗ ಅಲ್ಲಾಡುತ್ತಿದೆ.

“ದಿನಾ ಹಲ್ಲು ತಿಕ್ಕತೀರೇನ್ರಿ?” ಎಂದರು ಡಾಕ್ಟರು.

“ಲೋಹದ ಬೇರಿಗಿ ಹುಳಾ ಹತ್ತತದೇನ್ರಿ ಸಾಹೇಬ್ರ?” ಮಾಮಾ ಪಂಡಿತನಂತೆ ಕೇಳಿದ.

“ಬೇರು ಲೋಹದ್ದು, ವಸಡು ನಿಮ್ದೇ ಅದ. ಕೀವು ತುಂಬಿ ಎಲುಬು ಕರಗ್ಯದ. ಇಡೀ ಸಾಲು ತೆಗೀಬೇಕು.”

ಜೊತೆಗೆ ಬಂದಿದ್ದ ಅತ್ತೆ ಸುಮ್ಮನಿರಲಿಲ್ಲ. “ಎತ್ತಿನ ಮೈ ದಿನಾ ತೊಳೀತಾರ್ರಿ, ತಮ್ಮ ಬಾಯಿ ತೊಳ್ಯಂಗಿಲ್ಲ!”

ಹೊರಗೆ ಬಂದವನೇ ಮಾಮಾ ದವಡೆಗೆ ತಂಬಾಕು ಇಟ್ಟುಕೊಂಡ. “ಹೆಂಗೂ ತೆಗೀತಾರಲ್ಲ, ಇನ್ನ ಯಾತರ ಅಂಜಿಕಿ?”

ದೇವರು ಕೊಟ್ಟ ಹಲ್ಲು ಹೋದವು, ಮುಂಬಯಿಯವರು ಕೊಟ್ಟವೂ ಹೊರಟವು. ಹಟ ಮಾತ್ರ ಹುಟ್ಟಿದಾಗಿನದೇ, ಇನ್ನೂ ಗಟ್ಟಿಮುಟ್ಟಾಗಿದೆ.